ಕಾಕಾನ ಜೋಳ, ನನ್ನ ಭೋರಡಿ

"ಯವ್ವಾ, ಭೋರಡಿ ಬಿದ್ದಾವ. ಐತವಾರ ಬರೋದಿದ್ರ ಕ್ಯಾಮೆರಾ ಮನ್ಯಾಗ ಇಟ್ಟು ಬಾ. ಕವಣಿ ಬೀಸೋ ಕೈ ಬೇಕಾಗ್ಯಾವ."

ಸಂಕ್ರಾಂತಿ ಆದ ಮೂರನೇ ದಿನ ಕಾಕಾ ಫೋನ್ ಮಾಡಿ ಇಷ್ಟೇ ಹೇಳಿ ಇಟ್ಟರು. ನಾನು ಆಗ ಲ್ಯಾಬಿನಲ್ಲಿ ಕೂತು, ಅದೇ ಭೋರಡಿ ಹಕ್ಕಿಗಳ ಫೋಟೋ ಮೊಬೈಲಿನಲ್ಲಿ ನೋಡಿ ಒಬ್ಬಳೇ ಖುಷಿಪಡುತ್ತಿದ್ದೆ. ಹಿಂದಿನ ವಾರವಷ್ಟೇ ಹಿಪ್ಪರಗಾ ಕೆರೆಯಲ್ಲಿ ತೆಗೆದದ್ದು. ಕಾಕಾಗೆ ಏನು ಹೇಳಬೇಕು ಅಂತ ಬಾಯಿಗೆ ಬರಲಿಲ್ಲ. "ಬರ್ತೀನ್ರಿ ಕಾಕಾ" ಅಂದೆ.

ನಾನು ಸೊಲ್ಲಾಪುರದ ಒಂದು ಪ್ಯಾಥಾಲಜಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಹದಿನೇಳು ವರ್ಷ ಆಯಿತು. ತವರು ಅಕ್ಕಲಕೋಟ ರಸ್ತೆಯಲ್ಲಿ, ವಳಸಂಗದಿಂದ ಒಳಗೆ ಹೋಗುವ ಒಂದು ಸಣ್ಣ ಹಳ್ಳಿ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಪಕ್ಕದ ಮನೆಯ ಜಗಳವೆಲ್ಲ ತೆಲುಗಿನಲ್ಲಿ. ಹಕ್ಕಿಗಳ ಹೆಸರೂ ನನ್ನ ಬಾಯಲ್ಲಿ ಹೀಗೇ ಕಲಬೆರಕೆ. ಭೋರಡಿ ಮರಾಠಿ ಹೆಸರು. ಕನ್ನಡ ಪುಸ್ತಕಗಳಲ್ಲಿ ಗುಲಾಬಿ ಕಬ್ಬಕ್ಕಿ ಅಂತ ಬರೆಯುತ್ತಾರೆ. ಚೆಂದದ ಹೆಸರೇ, ಆದರೆ ನಮ್ಮೂರಿನ ಕಟ್ಟೆ ಮೇಲೆ ಹಾಗಂದರೆ ಯಾವುದೋ ಐಸ್‌ಕ್ರೀಮು ಅಂದುಕೊಳ್ಳುತ್ತಾರೆ. ಬ್ರಿಟಿಷರ ಕಾಲದ ಪುಸ್ತಕಗಳಲ್ಲಿ ಇದಕ್ಕೆ 'ಜೋವಾರಿ ಬರ್ಡ್' ಎಂಬ ಹೆಸರೂ ಇತ್ತು. ಅಂದರೆ ಜೋಳದ ಹಕ್ಕಿ. ಕಾಕಾಗೆ ಒಪ್ಪಿಗೆ ಆಗುವ ಹೆಸರು ಇದೊಂದೇ ಇರಬೇಕು, ಅದೂ ಬೈಗುಳ ಅಂತ.

ಮೈನಾದಷ್ಟೇ ದೊಡ್ಡ ಹಕ್ಕಿ. ತಲೆ, ರೆಕ್ಕೆ, ಬಾಲ ಕಪ್ಪು. ಬೆನ್ನು, ಹೊಟ್ಟೆ ಗುಲಾಬಿ. ಗೂಡು ಕಟ್ಟುವುದು ಪೂರ್ವ ಯುರೋಪಿನಿಂದ ಮಧ್ಯ ಏಷ್ಯಾದವರೆಗಿನ ಬಯಲುಗಳಲ್ಲಿ. ಅಲ್ಲಿ ಮರಿ ದೊಡ್ಡವಾದ ಕೂಡಲೇ ಇತ್ತ ಹೊರಡುತ್ತವೆ. ಮಳೆಗಾಲ ಮುಗಿಯುವುದರೊಳಗೆ ಮೊದಲ ಗುಂಪು ಬಂದಿರುತ್ತದೆ, ಏಪ್ರಿಲ್ ಹೊತ್ತಿಗೆ ವಾಪಸು. ಶುರುವಿನಲ್ಲಿ ನೋಡಿದರೆ ಗುಲಾಬಿ ಅಂತ ಅನಿಸುವುದೇ ಇಲ್ಲ, ಮಣ್ಣು ಮೆತ್ತಿದ ಹಾಗೆ ಮಂಕು. ಹೊಸ ಪುಕ್ಕದ ತುದಿಗೆ ಕಂದು ಅಂಚು ಇರುತ್ತದೆ. ಚಳಿಗಾಲವಿಡೀ ಆ ಅಂಚು ಸವೆದು ಸವೆದು, ಒಳಗಿನ ಗುಲಾಬಿ ಹೊರಬರುತ್ತದೆ. ಹೊಸ ಬಟ್ಟೆ ಹಾಕದೆ, ಹಳೆಯದನ್ನೇ ಒಗೆದು ಒಗೆದು ಬಣ್ಣ ಬರಿಸಿಕೊಳ್ಳುವ ಹಕ್ಕಿ ಇದು. ಮಾರ್ಚಿನಲ್ಲಿ ಮುತ್ತುಗದ ಹೂವಿನ ಮೇಲೆ ಕೂತಾಗ ನೋಡಬೇಕು. ಆಗ ಮಾತ್ರ ಪುಸ್ತಕದ ಚಿತ್ರದ ಹಾಗೆ ಕಾಣುತ್ತದೆ.

ಸಣ್ಣವಳಿದ್ದಾಗ ನಾನು ಇದರ ಬಣ್ಣ ನೋಡಿದ್ದೇ ಇಲ್ಲ. ನೋಡುವಷ್ಟು ಹತ್ತಿರ ಬಿಟ್ಟುಕೊಂಡರೆ ತಾನೆ? ಹಾಲು ತುಂಬಿದ ಜೋಳ ಕಾಯುವುದು ನಮ್ಮ ಮನೆಯಲ್ಲಿ ಮಕ್ಕಳ ಕೆಲಸ. ಸಾಲಿ ರಜೆ ಇರಲಿ, ಇರದಿರಲಿ, ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ಹೊಲದ ನಡುವಿನ ಅಟ್ಟದ ಮೇಲೆ. ನಾಲ್ಕು ಜಾಲಿ ಗೂಟ, ಮೇಲೆ ತೊಗರಿ ಕಟ್ಟಿಗೆಯ ಹಾಸು. ಅಜ್ಜ ಪುಂಡಿ ನಾರಿನಿಂದ ಕವಣೆ ಹೆಣೆದು ಕೊಡುತ್ತಿದ್ದ. ನಡುವೆ ಅಂಗೈ ಅಗಲದ ಪಟ್ಟಿ, ಕಲ್ಲು ಕೂರಲಿಕ್ಕೆ. ಒಂದು ತುದಿಯ ಕುಣಿಕೆ ನಡುಬೆರಳಿಗೆ, ಇನ್ನೊಂದು ತುದಿ ಹೆಬ್ಬೆರಳಿನ ಕೆಳಗೆ. ತಲೆಯ ಮೇಲೆ ಎರಡು ಸುತ್ತು ತಿರುಗಿಸಿ ಮೂರನೇ ಸುತ್ತಿಗೆ ಹೆಬ್ಬೆರಳು ಸಡಿಲಿಸಬೇಕು. ಬೇಗ ಬಿಟ್ಟರೆ ಕಲ್ಲು ಹಿಂದೆ ಹೋಗುತ್ತದೆ, ತಡವಾದರೆ ಕಾಲ ಬುಡಕ್ಕೇ ಬೀಳುತ್ತದೆ. ಸರಿಯಾಗಿ ಬಿಟ್ಟರೆ ಖಾಲಿ ತುದಿ ಗಾಳಿಯಲ್ಲಿ ಚಟ್ಟನೆ ಸಿಡಿಯುತ್ತದೆ. ಹಕ್ಕಿ ಏಳುವುದು ಆ ಸದ್ದಿಗೆ. ಕಲ್ಲು ತಾಗಬೇಕು ಅಂತೇನಿಲ್ಲ, ನಾನಂತೂ ಒಂದಕ್ಕೂ ತಾಗಿಸಿದವಳಲ್ಲ. ಒಮ್ಮೆ ಅಜ್ಜನ ತಲೆಯ ಪಟಗಾಕ್ಕೆ ತಾಗಿಸಿದ್ದೆ.

ಕ್ಯಾಮೆರಾ ಬಂದದ್ದು ನಾಲ್ಕು ವರ್ಷದ ಹಿಂದೆ. ಹಳೆಯ ನಿಕಾನ್ ಪಿ 900, ಸೆಕೆಂಡ್ ಹ್ಯಾಂಡ್. ಲೆನ್ಸ್ ಬಿಚ್ಚಲು ಬರುವುದಿಲ್ಲ, ಆದರೆ 83 ಪಟ್ಟು ಜೂಮ್ ಇದೆ, 24ರಿಂದ 2000 ಎಂಎಂವರೆಗೆ. ದೊಡ್ಡ ಲೆನ್ಸಿನವರು ಇದನ್ನು ನೋಡಿ ನಗುತ್ತಾರೆ. ನಗಲಿ. ನನ್ನ ಸಂಬಳಕ್ಕೆ, ನನ್ನ ಸ್ಕೂಟಿಯ ಡಿಕ್ಕಿಗೆ ಹಿಡಿಸುವುದು ಇಷ್ಟೇ. ತೊಂದರೆ ಏನಂದರೆ ಸೆನ್ಸರ್ ಸಣ್ಣದು, ಬೆಳಕು ಕಮ್ಮಿ ಆದರೆ ಚಿತ್ರವೆಲ್ಲ ರವೆ ರವೆ. ಹಾರುವ ಹಕ್ಕಿ ಹಿಡಿಯಲು ಹೋದರೆ ಫೋಕಸ್ ಹುಡುಕುವಷ್ಟರಲ್ಲಿ ಹಕ್ಕಿ ತುಳಜಾಪುರ ಮುಟ್ಟಿರುತ್ತದೆ. ಕೂತ ಹಕ್ಕಿಗೆ ಮಾತ್ರ ಮಸ್ತ್.

ಹಿಪ್ಪರಗಾ ಕೆರೆ ಸೊಲ್ಲಾಪುರದಿಂದ ದೂರವೇನಲ್ಲ, ತುಳಜಾಪುರ ರಸ್ತೆಯಲ್ಲಿ ಸ್ಕೂಟಿಗೆ ಇಪ್ಪತ್ತು ನಿಮಿಷ. ಸರ್ಕಾರಿ ಕಾಗದದಲ್ಲಿ ಏಕರೂಖ ತಲಾವ್. ಆದಿಲಾ ಹೊಳೆಗೆ ಅಡ್ಡ ಕಟ್ಟೆ ಹಾಕಿ ಬ್ರಿಟಿಷರು 1871ರಲ್ಲಿ ಮುಗಿಸಿದ್ದು. ನಮ್ಮ ಊರಿನ ಇನ್ನೊಂದು ಕೆರೆ ಅದಕ್ಕಿಂತ ಏಳು ನೂರು ವರ್ಷ ಹಿರಿಯದು. ಸೊನ್ನಲಿಗೆಯ ಸಿದ್ಧರಾಮ ತೋಡಿಸಿದ್ದು, ನಡುವೆ ಗುಡಿ. ಅಲ್ಲಿ ಲ್ಯಾಬಿಗೆ ಹೋಗುವ ದಾರಿಯಲ್ಲೇ ಗಾಡಿ ನಿಲ್ಲಿಸಿ ನಾಮಕೋಳಿ, ನೀರುಕಾಗೆ, ಗುಳುಮುಳುಕ ನೋಡಿಕೊಂಡು ಹೋಗಬಹುದು. ಹಕ್ಕಿ ನೋಡುವ ಚಟ ನನಗೆ ಹತ್ತಿದ್ದೇ ಆ ಗುಳುಮುಳುಕದಿಂದ. ಮುಳುಗಿದ್ದು ಎಲ್ಲಿ ಏಳುತ್ತದೆ ಅಂತ ನನ್ನೊಳಗೇ ಪಂದ್ಯ ಕಟ್ಟಿ, ಸೋತು, ಲ್ಯಾಬಿಗೆ ತಡವಾಗಿ ಹೋಗಿ ಬೈಸಿಕೊಂಡೆ.

ಮೊದಲ ಚಳಿಗಾಲ ಹಿಪ್ಪರಗಾದಲ್ಲಿ ನನ್ನ ಎಲ್ಲ ಫೋಟೋಗಳಲ್ಲೂ ಹಕ್ಕಿಯ ಹಿಂಭಾಗವೇ ಇತ್ತು. ಹೋಗುವುದೇ ತಡ, ಎದ್ದು ದೂರ ಹೋಗುತ್ತಿದ್ದವು. ಒಂದು ದಿನ ಬಲೆ ಬಿಡಿಸುತ್ತಿದ್ದ ಮೀನುಗಾರರೊಬ್ಬರು ಮರಾಠಿಯಲ್ಲಿ ಕೇಳಿದರು: "ತಾಯಿ, ಲಗ್ನಕ್ಕೆ ಬಂದಿದ್ದೀರೇನು?" ನಾನು ಹಾಕಿದ್ದು ಗಾಢ ಗುಲಾಬಿ ಸ್ವೆಟರ್. ಅತ್ತೆ ಹೆಣೆದು ಕೊಟ್ಟದ್ದು, ಬೆಚ್ಚಗಿತ್ತು. ಗುಲಾಬಿ ಹಕ್ಕಿ ನೋಡಲು ಗುಲಾಬಿ ಸ್ವೆಟರ್! ಮರುವಾರದಿಂದ ಯಜಮಾನರ ಹಳೆಯ ಮಣ್ಣುಬಣ್ಣದ ಜರ್ಕಿನ್. ಆಮೇಲೆ ಕಲಿತದ್ದು, ನಡೆದು ಹತ್ತಿರ ಹೋಗಬಾರದು, ಮೊದಲೇ ಹೋಗಿ ಕೂತಿರಬೇಕು ಅಂತ. ಕತ್ತಲಿರುವಾಗಲೇ ದಂಡೆಯ ಜಾಲಿ ಕಂಟಿಯ ಪಕ್ಕ ಕೂತರೆ, ಬೆಳಕು ಹರಿಯುವಾಗ ಹಕ್ಕಿಗಳೇ ಮೇಯುತ್ತ ನಮ್ಮ ಕಡೆ ಬರುತ್ತವೆ. ಜನವರಿಯ ಬೆಳಿಗ್ಗೆ 12-13 ಡಿಗ್ರಿಗೂ ಇಳಿಯುವುದುಂಟು, ಬೆರಳು ಬಟನ್ ಒತ್ತಲು ಒಪ್ಪುವುದಿಲ್ಲ. ಆದರೂ ಆ ಎರಡು ತಾಸೇ ಗಟ್ಟಿ. ಒಂಬತ್ತೂವರೆ ಆಯಿತೆಂದರೆ ಎರೆಭೂಮಿಯಿಂದ ಝಳ ಏಳುತ್ತದೆ. 2000 ಎಂಎಂನಲ್ಲಿ ತೆಗೆದ ಮೆಟ್ಟುಗಾಲು ಹಕ್ಕಿ ನೀರೊಳಗೆ ಅದ್ದಿ ತೆಗೆದ ಶಾವಿಗೆಯ ಹಾಗೆ ಕಾಣುತ್ತದೆ.

ಅಲ್ಲಿ ನಾನು ಜಾಸ್ತಿ ಹೊತ್ತು ನೋಡುವುದು ಚಕ್ರವಾಕ. ಬಾತುಕೋಳಿ ಜಾತಿಯದು, ಮೈಯೆಲ್ಲ ಅರಿಶಿನ-ಕೇಸರಿ. ಹಳೆಯ ಕಾವ್ಯಗಳಲ್ಲಿ ಈ ಗಂಡು-ಹೆಣ್ಣು ರಾತ್ರಿಯಾದರೆ ಅಗಲಿ, ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಕೂಗಿ ಅಳುತ್ತವೆ. ನಾನು ಹೋದಾಗೆಲ್ಲ ನಸುಕಿನಲ್ಲಿ ಒಂದೇ ದಂಡೆಯ ಮೇಲೆ ಒಟ್ಟಿಗೇ ನಿಂತಿರುತ್ತವೆ. ಕೂಗುವುದು ಖರೆ. ಆದರೆ ಅದು ವಿರಹದ ಕೂಗಲ್ಲ, "ನಲ್ಲಿ ನೀರು ಬಂತು, ಏಳ್ರಿ" ಅನ್ನುವ ಧಾಟಿ.

ಭೋರಡಿ ಗುಂಪು ಕಂಡದ್ದು ಬೆಳಿಗ್ಗೆ ಅಲ್ಲ, ಸಂಜೆ. ಕೆರೆಯ ಹಿಂಬದಿ ಬಳ್ಳಾರಿ ಜಾಲಿಯ ದಟ್ಟ ಪೊದೆ ಇದೆ. ಸಂಕ್ರಾಂತಿಗೆ ಮೊದಲಿನ ಭಾನುವಾರ ಮಗನನ್ನೂ ಕರೆದುಕೊಂಡು ಹೋಗಿದ್ದೆ. ಐದೂಮುಕ್ಕಾಲಿಗೆ ಮೊದಲು ಹತ್ತಿಪ್ಪತ್ತು, ಆಮೇಲೆ ಇನ್ನೂರು ಮುನ್ನೂರು, ನಾಲ್ಕೂ ದಿಕ್ಕಿನಿಂದ ಬಂದು ಸೇರುತ್ತ ಹೋದವು. ಸೀದಾ ಮರಕ್ಕಿಳಿಯಲಿಲ್ಲ. ಆಕಾಶದಲ್ಲಿ ಒಂದು ಕಪ್ಪು ಬಟ್ಟೆ ಒಗೆದು ಝಾಡಿಸಿದ ಹಾಗೆ ಹರಡಿ, ಮಡಚಿ, ಮತ್ತೆ ಹರಡಿ. ಯಾವುದೋ ಡೇಗೆ ಮೇಲಿಂದ ನುಗ್ಗಿತು. ತಟಕ್ಕನೆ ಗುಂಪು ಮುದ್ದೆಯಾಯಿತು. ನಮ್ಮ ತಲೆ ಮೇಲೆ ಹಾದಾಗ ರೆಕ್ಕೆಯ ಸದ್ದು ಮಳೆ ಬಂದ ಹಾಗೆ. ಮಗ ಕೈ ತಲೆ ಮೇಲೆ ಇಟ್ಟುಕೊಂಡ. ಮಳೆಗಲ್ಲ, ಹಿಕ್ಕೆಗೆ. ಜಾಣ.

"ಅಮ್ಮಾ, ಇವು ಡಿಕ್ಕಿ ಯಾಕೆ ಹೊಡೆಯಲ್ಲ?" ಅಂತ ಕೇಳಿದ. ಇದನ್ನು ರೋಮ್ ಊರಿನ ಮೇಲೆ ಹಾರುವ ಕಬ್ಬಕ್ಕಿಗಳ ಫೋಟೋ ತೆಗೆದು ಇಟಲಿಯ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ, 2008ರಲ್ಲಿ ಪ್ರಕಟವಾಯಿತು. ಆ ತಂಡದಲ್ಲಿದ್ದ ಜಾರ್ಜಿಯೋ ಪರೀಸಿಗೆ ಮುಂದೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಅವರು ಕಂಡುಕೊಂಡದ್ದು ಇಷ್ಟು: ಸಾವಿರ ಹಕ್ಕಿ ಇದ್ದರೂ ಒಂದೊಂದು ಹಕ್ಕಿ ಗಮನ ಇಡುವುದು ತನ್ನ ಸುತ್ತಲಿನ ಆರೇಳರ ಮೇಲೆ ಮಾತ್ರ. ಮಗನಿಗೆ ಹೇಳಿದೆ, ಸಂಕ್ರಾಂತಿಗೆ ಸಿದ್ಧರಾಮನ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜದ ಹಿಂದೆ ನಾವು ಹೋಗುತ್ತೇವಲ್ಲ, ಹಾಗೆ. ಏಳು ನಂದಿಧ್ವಜ, ಲಕ್ಷ ಜನ, ಮುಂದೆ ಏನಾಗುತ್ತಿದೆ ಯಾರಿಗೂ ಕಾಣಲ್ಲ. ಎದುರಿಗಿನ ನಾಲ್ಕು ಬಾರಾಬಂದಿ ಅಂಗಿಯ ಬೆನ್ನು ನೋಡಿಕೊಂಡು ಹೆಜ್ಜೆ ಹಾಕುತ್ತೇವೆ, ಅವರು ನಿಂತರೆ ನಿಲ್ಲುತ್ತೇವೆ. ಅವನಿಗೆ ತಿಳಿಯಿತು. ನನಗೂ ಹೇಳಿದ ಮೇಲೇ ಸರಿಯಾಗಿ ತಿಳಿದದ್ದು.

ಹಕ್ಕಿ ನೋಡುವವರು ಕಂಡದ್ದನ್ನೆಲ್ಲ ದಾಖಲಿಸುವ ಇಬರ್ಡ್ ಆಪಿನಲ್ಲಿ ಆವತ್ತಿನ ಪಟ್ಟಿ ಹಾಕುವಾಗ ಭೋರಡಿ ಎಷ್ಟು ಅಂತ ಬರೆಯಬೇಕಿತ್ತು. ಕಣ್ಣಂದಾಜಿನಲ್ಲಿ 3,000 ಅಂತ ಹಾಕಿದೆ. ರಾತ್ರಿ ಮಲಗಿದರೆ ನಿದ್ದೆ ಬರಲಿಲ್ಲ. ಎಣಿಸುವುದೇ ಹೊಟ್ಟೆಪಾಡಾದವಳು ಅಂದಾಜಿಗೆ ಬರೆದೆನಲ್ಲ!

ನಾನು ಕೆಲಸ ಕಲಿತದ್ದು ರಕ್ತಕಣ ಕೈಯಲ್ಲಿ ಎಣಿಸಿ. ಈಗೆಲ್ಲ ಮೆಷಿನ್. ಆಗ ರಕ್ತವನ್ನು ಇಪ್ಪತ್ತು ಪಟ್ಟು ತೆಳು ಮಾಡಿ, ನ್ಯೂಬಾರ್ ಚೇಂಬರ್ ಎಂಬ ಗೆರೆ ಕೊರೆದ ಗಾಜಿಗೆ ಒಂದು ಹನಿ ಬಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ನಾಲ್ಕು ಮೂಲೆಯ ದೊಡ್ಡ ಚೌಕಗಳಲ್ಲಿ ಇರುವ ಬಿಳಿ ಕಣ ಎಣಿಸುತ್ತಿದ್ದೆವು. ಬಂದದ್ದನ್ನು 50ರಿಂದ ಗುಣಿಸಿದರೆ ಒಂದು ಘನ ಮಿಲಿಮೀಟರ್ ರಕ್ತದ ಲೆಕ್ಕ. ಗೆರೆಯ ಮೇಲೆ ಕೂತ ಕಣವನ್ನು ಏನು ಮಾಡಬೇಕು? ಎಡಗಡೆ ಮತ್ತು ಮೇಲಿನ ಗೆರೆಯದ್ದು ಎಣಿಸು, ಬಲಗಡೆ ಮತ್ತು ಕೆಳಗಿನದು ಬಿಡು. ಇಲ್ಲದಿದ್ದರೆ ಒಂದೇ ಕಣ ಎರಡು ಚೌಕದಲ್ಲಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಎದ್ದು ಲ್ಯಾಪ್‌ಟಾಪ್ ತೆರೆದೆ. ಗುಂಪು ಡೇಗೆಗೆ ಹೆದರಿ ಮುದ್ದೆಯಾಗುವ ಮೊದಲು ತೆಗೆದ ಒಂದು ಫೋಟೋ ಇತ್ತು. ಜೂಮ್ ಪೂರ್ತಿ ಹಿಂದೆ ಎಳೆದು ತೆಗೆದದ್ದು, ಇಡೀ ಗುಂಪು ಅದರಲ್ಲಿ ಹಿಡಿದಿತ್ತು. ಖಾಲಿ ಆಕಾಶ ಕತ್ತರಿಸಿ, ಉಳಿದದ್ದಕ್ಕೆ ಗೆರೆ ಹಾಕಿ 48 ಚೌಕ ಮಾಡಿದೆ. ಮೂಲೆ ನಾಲ್ಕನ್ನೇ ಎಣಿಸಲು ಬರುವುದಿಲ್ಲ. ರಕ್ತ ಚೇಂಬರಿನಲ್ಲಿ ಸಮನಾಗಿ ಹರಡುತ್ತದೆ, ಭೋರಡಿ ಹಾಗೆ ಹರಡುವುದಿಲ್ಲ. ನಡುವೆ ಗಿಜಿಗಿಜಿ, ಅಂಚಿಗೆ ನಾಲ್ಕಾರು. ಬೆಳಿಗ್ಗೆ ಮಗನ ಕೈಯಲ್ಲಿ ಚೀಟಿ ಎತ್ತಿಸಿದೆ. ಆರು ಚೌಕ ಬಂದವು. ಒಂದರಲ್ಲಿ 402, ಇನ್ನೊಂದರಲ್ಲಿ 61. ಆರೂ ಸೇರಿ 1,176. ಸರಾಸರಿ 196, ಗುಣಿಸಿದರೆ 9,408. ನಂಬಿಕೆ ಬರಲಿಲ್ಲ. ಮತ್ತೆ ಆರು ಚೀಟಿ ಎತ್ತಿಸಿದೆ, 8,736 ಬಂತು. ಎರಡನ್ನೂ ಸೇರಿಸಿ ನೋಡಿದರೆ ಒಂಬತ್ತು ಸಾವಿರದ ಮೇಲೆ ಚೂರು. ಗುಂಪು ದೊಡ್ಡದಾದಷ್ಟೂ ನಮ್ಮ ಕಣ್ಣು ಕಮ್ಮಿ ಎಣಿಸುತ್ತದೆ ಅಂತ ಓದಿದ್ದೆ. ಮೂರು ಪಟ್ಟು ಕಮ್ಮಿ ಎಣಿಸುತ್ತದೆ ಅಂತ ಅಂದುಕೊಂಡಿರಲಿಲ್ಲ. 3,000 ಅಳಿಸಿ 9,000 ಅಂತ ಬರೆದೆ. ಆಪಿನವರ ಪರಿಶೀಲಕರು ಇಷ್ಟು ದೊಡ್ಡ ಸಂಖ್ಯೆಗೆ ಆಧಾರ ಕೇಳಿದರು. ಗೆರೆ ಹಾಕಿದ ಫೋಟೋ ಕಳಿಸಿದೆ. ಒಪ್ಪಿದರು. ಆ ದಿನ ನಾನು ಲ್ಯಾಬಿನಲ್ಲಿ ಎಲ್ಲರಿಗೂ ಚಹಾ ಕೊಡಿಸಿದೆ, ಯಾಕೆ ಅಂತ ಹೇಳದೆ.

ಮಾರನೇ ದಿನವೇ ಕಾಕಾನ ಫೋನು.

ಇಲ್ಲಿ ಎಳ್ಳ ಅಮಾವಾಸ್ಯೆಯ ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಆವತ್ತು ನಾವೆಲ್ಲ ಹೊಲಕ್ಕೆ ಹೋಗಿದ್ದೆವು. ಐದು ಕಲ್ಲು ಇಟ್ಟು ಪಾಂಡವರ ಪೂಜೆ, ಆಮೇಲೆ ಬಜ್ಜಿ, ಸಜ್ಜೆ ರೊಟ್ಟಿ, ಅಂಬಲಿ, ಶೇಂಗಾ ಹೋಳಿಗೆ. ಕಾಕಾನ ಹೆಂಡತಿ ಕಾಕು ಗಡಿಗೆ ಹಿಡಿದು ಮುಂದೆ, ಕಾಕಾ ಹಿಂದೆ, ಹೊಲದ ಸುತ್ತ ಚರಗ, ಅಂದರೆ ಭೂಮಿತಾಯಿಗೆ ನೈವೇದ್ಯದ ಊಟ, ಚೆಲ್ಲಿದರು. ಜೋಳ ಆಗ ಎದೆಮಟ್ಟ, ತೆನೆ ಇನ್ನೂ ಹೊರಬಂದಿರಲಿಲ್ಲ. ಸಾಲಿನ ನಡುವೆ ಸುಮಾರು ಐವತ್ತು ಭೋರಡಿ ನಡೆದಾಡುತ್ತಿದ್ದವು. ಊಟ ಬಿಟ್ಟು ಹೊಟ್ಟೆ ಮೇಲೆ ಮಲಗಿ ಫೋಟೋ ತೆಗೆದೆ. ಅದರಲ್ಲಿ ಒಂದು ಭಾಳ ಚೆಂದ ಬಂತು. ಹಕ್ಕಿ ಜೋಳದ ಸುಳಿಯೊಳಗೆ ತಲೆ ಹಾಕಿ ಹೊರತೆಗೆದ ಕ್ಷಣ. ಕೊಕ್ಕಿನ ತುದಿಯಲ್ಲಿ ಹಸಿರು ಹುಳು, ಇನ್ನೂ ಡೊಂಕಾಗಿ ಒದ್ದಾಡುತ್ತಿದೆ. ಹುಳುವಿನ ಹಿಂದೆ ಒಂದು ನೀರ ಹನಿ.

ಕಾಕಾಗೆ ತೋರಿಸಿದೆ. "ನೋಡ್ರಿ ಕಾಕಾ, ಲಷ್ಕರಿ ಅಳಿ, ಅದ ಸೈನಿಕ ಹುಳ, ತಿನ್ನಾಕತ್ತಾವ. ನಿಮ್ಮ ಕೆಲಸಾನೇ ಮಾಡಾಕತ್ತಾವ."

ಕಾಕಾ ಕನ್ನಡಕ ಹಾಕಿ ನೋಡಿದರು. ಬಹಳ ಹೊತ್ತು ನೋಡಿದರು. "ಹುಳ ಹೌದು" ಅಂದರು. ಆಮೇಲೆ, "ಹುಳಕ್ಕ ಅಂಗಡ್ಯಾಗ ಔಷಧ ಸಿಗತೈತಿ. ಭೋರಡಿಗೆ ಏನ್ ಸಿಗತೈತಿ?"

ನಾನು ಸೋಲುವವಳಲ್ಲ. ಚೀನಾದ ಶಿಂಜಿಯಾಂಗ್ ಕಡೆ ಮಿಡತೆ ಹಾವಳಿ ತಡೆಯಲು ಇದೇ ಹಕ್ಕಿಗೆ ಸರ್ಕಾರದವರೇ ಗೂಡು ಕಟ್ಟಿಸಿ ಕೊಡುತ್ತಾರೆ, ಹಕ್ಕಿ ಬಂದು ಮರಿ ಮಾಡಿ ಮಿಡತೆ ತಿನ್ನಲಿ ಅಂತ, ಅಂದೆ. ಇದು ಖರೆಯ ಮಾತು.

"ಹಂಗಾರ ಅಲ್ಲೇ ಇರಲಿ. ಮನಿ ಕಟ್ಟಿಸಿ ಕೊಟ್ಟವರನ್ನ ಬಿಟ್ಟು ಇಲ್ಲಿಗೆ ಯಾಕ ಬರ್ತಾವ?"

ಕಾಕು ಬಾಯಿಗೆ ಸೆರಗು ಹಿಡಿದು ನಕ್ಕರು. ಒಂದು ದಿನ ಕೈಯಾರೆ ಚರಗ ಚೆಲ್ಲಿ ಮರುದಿನ ಕವಣೆ ಹಿಡಿಯುವವರ ಜೊತೆ ವಾದ ಮಾಡಿ ಗೆಲ್ಲುವುದು ಎಲ್ಲಿಂದ?

ಈ ಚಳಿಗಾಲದಲ್ಲಿ ಒಮ್ಮೆ ನಾನ್ನಜ್‌ಗೂ ಹೋಗಿದ್ದೆ, ಸೆಳೆವ ಎಂಬ ಬೇಟೆಹಕ್ಕಿಗಳನ್ನು ನೋಡಲು. ಬಾರ್ಶಿ ರಸ್ತೆಯಲ್ಲಿದೆ. ಮಾಳಢೋಕ್ ಅಭಯಾರಣ್ಯ ಆದದ್ದು 1979ರಲ್ಲಿ. ಮಾಳಢೋಕ್ ಅಂದರೆ ನಮ್ಮ ಎರೆಬೂತ, ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ. ಇಡೀ ದೇಶದ ಬಯಲುಗಳಲ್ಲಿ ಈಗ ನೂರೈವತ್ತಕ್ಕಿಂತ ಕಮ್ಮಿ ಉಳಿದಿವೆ, ಅವೂ ಹೆಚ್ಚಿನವು ರಾಜಸ್ಥಾನದಲ್ಲಿ. ಅದನ್ನು ನೋಡುವ ಆಸೆ ಇಟ್ಟುಕೊಂಡು ಹೋಗಲಿಲ್ಲ. ಚಿಗರಿ ಹಿಂಡು ಸಿಕ್ಕಿತು. ಸಂಜೆ ಹೊತ್ತು ಹುಲ್ಲಿನ ಮೇಲೆ ಗೇಣೆತ್ತರದಲ್ಲಿ ತೇಲುತ್ತ ಎರಡು ಸೆಳೆವ ಬಂದು, ಹುಲ್ಲಿನೊಳಗೇ ಇಳಿದು ಮಾಯವಾದವು. ಅವು ಮಲಗುವುದು ನೆಲದ ಮೇಲೇ. ಫೋಟೋ? ಎರಡು ಬೂದು ಗೀಟು. ತೋರಿಸುವ ಹಾಗಿಲ್ಲ.

ಐತವಾರ ನಸುಕಿನಲ್ಲಿ ಊರಿಗೆ ಹೋದೆ. ಕ್ಯಾಮೆರಾ ಡಿಕ್ಕಿಯಲ್ಲೇ ಇತ್ತು, ಸುಳ್ಳು ಯಾಕೆ ಹೇಳಲಿ. ಕಾಕಾ ಅಟ್ಟದ ಮೇಲೆ ಒಬ್ಬರೇ. ಎಪ್ಪತ್ತೊಂದು ವರ್ಷ. ಹೊಲದ ಮೇಲೆಲ್ಲ ಹಳೆಯ ಕ್ಯಾಸೆಟ್ಟಿನ ಟೇಪು ಎಳೆದು ಕಟ್ಟಿದ್ದರು, ಗಾಳಿಗೆ ಗುಂಯ್ ಅನ್ನುತ್ತಿತ್ತು. ಅವ್ವನ ಕಾಲದ ಎರಡು ಸೀರೆ ಗೂಟಕ್ಕೆ ಸುತ್ತಿದ್ದರು. ಹಕ್ಕಿಗಳಿಗೆ ಅದೆಲ್ಲ ನಾಲ್ಕು ದಿನದ ಹೆದರಿಕೆ. ಬೆಳಕು ಹರಿಯುತ್ತಲೇ ಪೂರ್ವದಿಂದ ಬಂದವು. ಒಂದು ಚಕ್ಕರ್ ಹೊಡೆದು ಹೊಲದ ತೆಂಕಣ ತುದಿಗೆ ಇಳಿದವು. ಅವು ಜೋಳ ತಿನ್ನುವುದನ್ನು ಹತ್ತಿರದಿಂದ ನೋಡಿದ್ದು ಇದೇ ಮೊದಲು. ತೆನೆಯ ಮೇಲೆ ಕೂತು, ಬಾಗಿ, ಕಾಳು ಕೀಳುವುದಕ್ಕಿಂತ ಹಿಂಡುವುದೇ ಜಾಸ್ತಿ. ಹಾಲು ಕೊಕ್ಕಿಗೆ ಮೆತ್ತಿ ಬೆಳ್ಳಗೆ. ತಿಂದದ್ದು ಒಂದು ಕಾಳಾದರೆ ಉದುರಿಸಿದ್ದು ಮೂರು. ಭಾರಕ್ಕೆ ದಂಟು ಮುರಿದವೂ ಇದ್ದವು.

ಮೊದಲ ಕಲ್ಲು ನನ್ನ ಹಿಂದೆ ಹೋಯಿತು. ಎರಡನೆಯದೂ. ಕಾಕಾ ಏನೂ ಅನ್ನಲಿಲ್ಲ, ನನ್ನ ಹೆಬ್ಬೆರಳು ಹಿಡಿದು ಎಲ್ಲಿ ಬಿಡಬೇಕೋ ಅಲ್ಲಿ ಸಡಿಲಿಸಿ ತೋರಿಸಿದರು. ಐದನೆಯದು ಸಿಡಿಯಿತು. ಗುಂಪು ಎದ್ದಿತು, ಅದೇ ಮಳೆಯ ಸದ್ದು. ತಲೆ ತಿರುಗಿಸಿ ಎಷ್ಟಿರಬಹುದು ಅಂತ ಲೆಕ್ಕ ಹಾಕುತ್ತಿದ್ದೆ. ಎಂಟು ನೂರು?

"ಇಷ್ಟೊಂದು ಹಿಂದ ಬರ್ತಿದ್ದವೇನ್ರಿ ಕಾಕಾ?"

"ಹಿಂದ ಇದರ ಹತ್ತು ಪಟ್ಟು ಇದ್ದವು. ಖರೆ ಆವಾಗ ಶಿವಾರೆಲ್ಲ ಜೋಳ ಇತ್ತು. ಒಬ್ಬಬ್ಬರಿಗೆ ಒಂದು ಹಿಡಿ ಹೋಗತಿತ್ತು, ಯಾರಿಗೂ ಗೊತ್ತಾಗತಿರಲಿಲ್ಲ. ಈಗ ನೋಡು." ಕವಣೆ ಹಿಡಿದ ಕೈಯಿಂದಲೇ ತೋರಿಸಿದರು. ಬಡಗಣಕ್ಕೆ ಕಬ್ಬು. ಪಡುವಣಕ್ಕೆ ಕಬ್ಬು. ಹಳ್ಳದ ಆಚೆ ದ್ರಾಕ್ಷಿ, ಮೇಲೆ ಬಲೆ ಹೊದಿಸಿದ್ದು. ಈಚೆ ತೊಗರಿ ಕಿತ್ತ ಖಾಲಿ ಹೊಲ. "ಈ ಕಡೆ ಜೋಳ ಹಾಕಿದಾಂವ ನಾನು ಒಬ್ಬಾಂವ. ಊರ ಹಕ್ಕಿ ಎಲ್ಲಾ ನನ್ನ ಹೊಲಕ್ಕೇ ಬರಬೇಕಲ್ಲ."

ನಾನು ಚಹಾ ಕೊಡಿಸಿದ ಒಂಬತ್ತು ಸಾವಿರ ನೆನಪಾಯಿತು. ಹಿಪ್ಪರಗಾದ ಆ ಒಂದೇ ಪೊದೆಗೆ ನಾಲ್ಕೂ ದಿಕ್ಕಿನಿಂದ ಬಂದು ಸೇರಿದ್ದವಲ್ಲ. ಹಕ್ಕಿ ಹೆಚ್ಚಾಗಿ ಗುಂಪು ದೊಡ್ಡದಾಯಿತೋ, ಹೋಗುವ ಜಾಗ ಕಮ್ಮಿಯಾಗಿ ದೊಡ್ಡದಾಯಿತೋ? ಚೌಕ ಹಾಕಿ ಎಣಿಸಿದರೆ ಅದು ಸಿಗುವುದಿಲ್ಲ. ಇಡೀ ಜಿಲ್ಲೆಯ ಪೊದೆ ಪೊದೆ ಎಣಿಸಬೇಕು, ಅದೂ ವರ್ಷ ವರ್ಷ.

"ಮತ್ತ ಕಬ್ಬು ಯಾಕ ಹಾಕಲಿಲ್ಲ?" ಅಂದೆ.

"ರೊಟ್ಟಿ ಏನು ಕಬ್ಬಿಂದ ಬಡೀಲೇನು?" ನಕ್ಕರು. "ಎಮ್ಮಿಗೆ ಕಣಿಕಿ ಬೇಕು. ಮಾಲದಂಡಿ ಕಣಿಕಿ ತಿಂದ ಎಮ್ಮಿ ಹಾಲೇ ಬ್ಯಾರೆ." ಮಾಲದಂಡಿ ನಮ್ಮ ಜಿಲ್ಲೆಯ ಮೋಹೋಳದಲ್ಲೇ ಆರಿಸಿ ತೆಗೆದ ತಳಿ, ಹಿಂಗಾರಿಗೆ ಇವತ್ತಿಗೂ ಅದೇ. ನಮ್ಮ ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಜಿಐ, ಅಂದರೆ ಇದೇ ಊರಿನ ಬೆಳೆ ಎಂಬ ಸರ್ಕಾರಿ ಗುರುತೂ ಸಿಕ್ಕಿತು. ಗುರುತು ಸಿಕ್ಕಿತು, ಕಾಯಲು ಹುಡುಗರು ಸಿಗುವುದಿಲ್ಲ. ದಿನಗೂಲಿ ಕೊಟ್ಟರೂ ಅಟ್ಟದ ಮೇಲೆ ಎರಡು ತಾಸು ಮೊಬೈಲ್ ನೋಡುತ್ತ ಕೂರುತ್ತಾರೆ ಅಂತ ಕಾಕಾನ ದೂರು.

ಹತ್ತು ಗಂಟೆಗೆ ಹಕ್ಕಿ ನೆರಳಿಗೆ ಹೋದ ಮೇಲೆ ರೊಟ್ಟಿ ಬಿಚ್ಚಿದೆವು. ಡಿಕ್ಕಿಯಿಂದ ಕ್ಯಾಮೆರಾ ತಂದದ್ದನ್ನು ಕಾಕಾ ನೋಡಿಯೂ ನೋಡದ ಹಾಗಿದ್ದರು. ಆಮೇಲೆ ತಾವೇ ಕೈ ಚಾಚಿದರು. ಕಣ್ಣಿಗೆ ಹಿಡಿದು ಜೂಮ್ ಒತ್ತುವುದು ಹೇಗೆ ಅಂತ ತೋರಿಸಿದೆ. ಮುತ್ತುಗದ ಗಿಡದ ಮೇಲೆ ನೀಲಕಂಠ ಕೂತಿತ್ತು, ಅದನ್ನು ನೋಡಲಿ ಅಂತ ಆ ಕಡೆ ತಿರುಗಿಸಿದೆ. ಕಾಕಾ ಮೆಲ್ಲಗೆ ಬಲಕ್ಕೆ ತಿರುಗಿದರು. ಇನ್ನೂ ಬಲಕ್ಕೆ. ನೀಲಕಂಠ ಎಲ್ಲೋ ಉಳಿಯಿತು. ಉಸಿರು ಹಿಡಿದರು.

"ಅಂವ ಯಾಂವ ಅಂವ, ನಮ್ಮ ಬದುವಿನ ಮ್ಯಾಲೆ ಹುಲ್ಲು ಕೊಯ್ಯಾಂವ? ಮುಖಾ ಮುಖಾ ಕಾಣಾಕತ್ತೈತಿ!"

ಅರ್ಧ ಕಿಲೋಮೀಟರ್ ದೂರ. ಕ್ಯಾಮೆರಾ ನನ್ನ ಕೈಗೆ ತುರುಕಿ, ಧೋತರ ಮೇಲೆ ಕಟ್ಟಿ, ಕವಣೆ ಸಮೇತ ಅತ್ತ ಹೊರಟೇಬಿಟ್ಟರು. ಕಾಕು ಕೂಗಿದರೂ ಕೇಳಲಿಲ್ಲ. ನಾನು ಅದರದ್ದೊಂದು ಫೋಟೋ ತೆಗೆದೆ. ಜೋಳದ ನಡುವೆ ಬಿಳಿ ಪಟಗಾ ಒಂದೇ ತೇಲುತ್ತ ಹೋಗುವುದು. ಈ ವರ್ಷದ ನನ್ನ ಒಳ್ಳೆಯ ಫೋಟೋ ಅದೇ, ಹಕ್ಕಿ ಇಲ್ಲದ್ದು.

ಆಮೇಲೆ ಮೂರು ಐತವಾರ ಹೋದೆ. ಬಲ ತೋಳು ಇನ್ನೂ ನೋಯುತ್ತದೆ. ಫೆಬ್ರವರಿ ಕೊನೆಗೆ ರಾಶಿ ಆಯಿತು. ಎರಡೆಕರೆಗೆ ಎಂಟು ಚೀಲ. ಹೋದ ವರ್ಷ ಎಷ್ಟು ಅಂತ ಕೇಳಿದೆ. ಹನ್ನೊಂದು. ಮಳೆಯೂ ಕಮ್ಮಿ ಇತ್ತು, ಎಲ್ಲ ಭೋರಡಿ ತಲೆಗೆ ಕಟ್ಟಬ್ಯಾಡ ಅಂತ ಕಾಕಾನೇ ಅಂದರು.

ನಾನು ಹಕ್ಕಿ ಬರೆದಿಡುವ ಒಂದು ಇನ್ನೂರು ಪುಟದ ವಹಿ ಇದೆ. ಜನವರಿಯ ಆ ಸಂಜೆಯ ಎದುರಿಗೆ 'ಹಿಪ್ಪರಗಾ, ಭೋರಡಿ, 9,000' ಅಂತಿತ್ತು. ಪಕ್ಕದಲ್ಲಿ ಜಾಗ ಉಳಿದಿತ್ತು. 'ಕಾಕಾ, 8 ಚೀಲ, ಹೋದ ವರ್ಷ 11' ಅಂತ ಬರೆದೆ. ಮುಂದಿನ ವರ್ಷ ಎರಡನ್ನೂ ಕೇಳಿ ಬರೆಯಬೇಕು.